ಆ ಅರ್ಧ ಸೆಕೆಂಡು ಎಲ್ಲಿ ಸೋರಿತು?

ನೂರು ಮೀಟರ್ ಉದ್ದದ ಬಿಗಿ ತಿರುವೊಂದನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಲು 9 ಸೆಕೆಂಡು ಬೇಕು. 42ರಲ್ಲಿ ದಾಟಿದರೆ 8.57 ಸೆಕೆಂಡು ಸಾಕು, ಉಳಿತಾಯ 0.43 ಸೆಕೆಂಡು. ಅಷ್ಟೇ ಉದ್ದದ ನೇರ ದಾರಿಯಲ್ಲಿ 100ರ ಬದಲು 102ರಲ್ಲಿ ಹೋದರೆ ಉಳಿಯುವುದು ಬರೀ 0.07 ಸೆಕೆಂಡು. ಎರಡೂ ಕಡೆ ಏರಿಸಿದ್ದು ಅದೇ 2 ಕಿ.ಮೀ., ಲಾಭದಲ್ಲಿ ಮಾತ್ರ ಆರು ಪಟ್ಟು ಅಂತರ. ಹೊಸದಾಗಿ ಕಾರ್ ರೇಸಿಗೆ ಇಳಿದವರ ಮನಸ್ಸು ಇದಕ್ಕೆ ಉಲ್ಟಾ ಓಡುತ್ತದೆ. ನೇರ ದಾರಿಯಲ್ಲಿ ಇಂಜಿನ್ ಕಿರುಚಿದ್ದು, ಮುಳ್ಳು ನೂರು ದಾಟಿದ್ದು ನೆನಪಿನಲ್ಲಿ ಉಳಿಯುತ್ತದೆ. ನಿಧಾನ ತಿರುವಿನಲ್ಲಿ ಬೇಗ ಬ್ರೇಕ್ ಒತ್ತಿ ಅರ್ಧ ಸೆಕೆಂಡು ಕಳೆದದ್ದು ನೆನಪಾಗುವುದೇ ಇಲ್ಲ, ಏಕೆಂದರೆ ಅಲ್ಲಿ ಭಯವಾಗಲಿಲ್ಲ.

ಈ ಮರೆವಿಗೆ ಮದ್ದು ಡೇಟಾ ಲಾಗರ್. ಕಾರು ಎಲ್ಲಿತ್ತು, ಎಷ್ಟು ವೇಗದಲ್ಲಿತ್ತು, ಯಾವ ಕಡೆಗೆ ಜಗ್ಗುತ್ತಿತ್ತು ಎಂಬುದನ್ನು ಕ್ಷಣಕ್ಷಣಕ್ಕೂ ಬರೆದಿಡುವ ಪುಟ್ಟ ಪೆಟ್ಟಿಗೆ. ಮೊದಲು ದೊಡ್ಡ ತಂಡಗಳಿಗಷ್ಟೇ ಎಟುಕುತ್ತಿದ್ದ ಈ ಸಾಮಾನು ಈಗ ತುಮಕೂರಿನ ಹವ್ಯಾಸಿಯ ಕೈಗೂ ಸಿಗುತ್ತದೆ. ಸಿಗುತ್ತದೆ ಎನ್ನುವುದೇ ತೊಂದರೆಯೂ ಹೌದು. ಸಾವಿರದ ಲೆಕ್ಕದಲ್ಲಿ ಒಂದು, ಹತ್ತಾರು ಸಾವಿರದ ಲೆಕ್ಕದಲ್ಲಿ ಇನ್ನೊಂದು, ಲಕ್ಷದ ಲೆಕ್ಕದಲ್ಲಿ ಮತ್ತೊಂದು. ಯಾವುದನ್ನು ಕೊಳ್ಳುವುದು?

ಅದಕ್ಕೂ ಮೊದಲು, ಓಡಿಸುವುದು ಎಲ್ಲಿ? ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000, ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಅದು ತುಮಕೂರು ಸುತ್ತಮುತ್ತಲ ಮಣ್ಣುದಾರಿಗಳಲ್ಲೂ ಓಡಿದ್ದುಂಟು. ರ‍್ಯಾಲಿಯಲ್ಲಿ ಸುತ್ತುಗಳಿಲ್ಲ. ಸಾರ್ವಜನಿಕರ ಓಡಾಟ ನಿಲ್ಲಿಸಿದ ದಾರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಬ್ಬೊಬ್ಬರಾಗಿ ಓಡುವುದು, ಸ್ಟೇಜ್ ಎಂದು ಕರೆಯುವ ಅದೇ ದಾರಿಯನ್ನು ಆಮೇಲೆ ಒಮ್ಮೆಯೋ ಎರಡು ಸಲವೋ ಮತ್ತೆ ಓಡುವುದು, ಅಷ್ಟೆ. ಆಟೊಕ್ರಾಸ್ ಅಂದರೆ ಬಯಲಿನಲ್ಲಿ ಕೋನುಗಳನ್ನಿಟ್ಟು ಮಾಡಿದ ಪುಟ್ಟ ಓಟ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ. ಡಾಂಬರಿನ ಸರ್ಕಿಟ್ ಬೇಕೆಂದರೆ ತುಮಕೂರಿನವರು ರಾಜ್ಯ ದಾಟಬೇಕು. ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿ.ಮೀ. ಟ್ರ್ಯಾಕ್ ಇದೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇ 2.1 ಕಿ.ಮೀ. ಉದ್ದದ್ದು. ಅಲ್ಲಿ ಒಂದೇ ತಿರುವನ್ನು ಮಧ್ಯಾಹ್ನದೊಳಗೆ ಹತ್ತಾರು ಸಲ ತಿರುಗಬಹುದು. ಅಂಥ ಕಡೆ, ಈ ಸುತ್ತು ಹಿಂದಿನದಕ್ಕಿಂತ ಎಷ್ಟು ಮುಂದಿದೆ ಎಂದು ಓಡುವಾಗಲೇ ತೋರಿಸುವ ಪರದೆಗೆ ಬೆಲೆಯಿದೆ. ರ‍್ಯಾಲಿ ಓಡಿಸುವವರಿಗೆ ಆ ಪರದೆ ದಂಡ. ಮುಂದಿನ ತಿರುವು ಏನೆಂದು ಕೋ-ಡ್ರೈವರ್ ಓದಿ ಹೇಳುತ್ತಿರುವಾಗ ಡ್ಯಾಶ್‌ಬೋರ್ಡಿನ ಕಡೆ ಕಣ್ಣು ಹಾಯಿಸಲು ಪುರುಸೊತ್ತೆಲ್ಲಿ?

ಇಲ್ಲಿಯೇ ಹೇಳಿಬಿಡುತ್ತೇನೆ: ತುಮಕೂರಿನ ಬಿ.ಎಚ್. ರಸ್ತೆಯಾಗಲಿ ಕುಣಿಗಲ್ ದಾಟಿದ ಮೇಲಿನ ಹಾಸನ ಹೆದ್ದಾರಿಯಾಗಲಿ ಪ್ರಯೋಗಶಾಲೆಯಲ್ಲ. ಅಪಘಾತವಾದರೆ, ನಿಮ್ಮ ವೇಗವನ್ನು ಸೆಕೆಂಡಿಗೆ ಹತ್ತು ಸಲ ಬರೆದಿಟ್ಟ ಸಾಕ್ಷಿ ನಿಮ್ಮ ಕಾರಿನೊಳಗೇ ಕೂತಿರುತ್ತದೆ.

ಜಾಹೀರಾತುಗಳು ದೊಡ್ಡ ಅಕ್ಷರದಲ್ಲಿ ಹಾಕುವ ಸಂಖ್ಯೆ, ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎನ್ನುವುದು. ಹೆಚ್ಚಿದ್ದಷ್ಟೂ ಒಳ್ಳೆಯದು ಅನಿಸುತ್ತದೆ, ಹಾಗೇನಿಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತಲ್ಲ, ಆ ಕಸುಬಿನವರನ್ನು ಕೇಳಿ ನೋಡಿ. ಆಧುನಿಕ ಹೆಲಿಕಾಪ್ಟರಿನ ಗೇರ್‌ಬಾಕ್ಸ್ ಕಂಪನವನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯುತ್ತಾರೆ. ಹಲ್ಲೊಂದು ಬಿರುಕು ಬಿಟ್ಟರೆ ಅದರ ಸುಳಿವು ಆ ಸಣ್ಣ ನಡುಕದಲ್ಲಿರುತ್ತದೆ. ಇಂಧನದ ಮಟ್ಟಕ್ಕೆ ಸೆಕೆಂಡಿಗೆ ಒಂದು ಅಳತೆಯೇ ಧಾರಾಳ. ಅಳೆಯುವ ವಸ್ತು ಎಷ್ಟು ಬೇಗ ಬದಲಾಗುತ್ತದೋ ಅದಕ್ಕೆ ತಕ್ಕಂತೆ ಅಳತೆ. ಕಾರಿನಲ್ಲೂ ಹಾಗೆಯೇ. ಕೂಲೆಂಟ್ ಬಿಸಿಗೆ ಸೆಕೆಂಡಿಗೆ ಒಂದು ಸಾಕು. ಕಾರಿನ ಒಡಲು ಸ್ಪ್ರಿಂಗುಗಳ ಮೇಲೆ ಸೆಕೆಂಡಿಗೆ ಒಂದೆರಡು ಸಲ ತೂಗುತ್ತದೆ, ಇಪ್ಪತ್ತು ಅಳತೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಚಕ್ರ ಮಾತ್ರ ಕಲ್ಲು-ಗುಂಡಿಗಳ ಮೇಲೆ ಸೆಕೆಂಡಿಗೆ 10-15 ಸಲ ಕುಪ್ಪಳಿಸುತ್ತದೆ. ಅದನ್ನು ಹಿಡಿಯಲು ನೂರಕ್ಕೂ ಹೆಚ್ಚು ಅಳತೆ, ಜೊತೆಗೆ ಪ್ರತಿ ಶಾಕ್ ಅಬ್ಸಾರ್ಬರಿಗೂ ಒಂದೊಂದು ಸೆನ್ಸರ್ ಬೇಕು. ಶಾಕ್ ಅಬ್ಸಾರ್ಬರನ್ನು ಬಿಚ್ಚಿ ಬೇಕಾದಂತೆ ಹೊಂದಿಸುವ ಅನುಕೂಲವಿಲ್ಲದವರು ಈ ಮಾಹಿತಿ ಇಟ್ಟುಕೊಂಡು ಮಾಡುವುದಾದರೂ ಏನು?

ಹವ್ಯಾಸಿಗೆ ಮುಖ್ಯವಾದದ್ದು ಜಿಪಿಎಸ್. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. ಮೊಬೈಲಿನೊಳಗಿನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಅಳೆಯುತ್ತದೆ, ಹಾಗಾಗಿ ಎರಡು ಚುಕ್ಕಿಗಳ ನಡುವೆ 20 ಮೀಟರ್ ಅಂತರ. ಇಡೀ ಆಟೊಕ್ರಾಸ್ ತಿರುವು ಆ ಅಂತರದಲ್ಲಿ ನುಂಗಿಹೋಗುತ್ತದೆ. ಸೆಕೆಂಡಿಗೆ 10 ಸಲ ಅಳೆಯುವ ರಿಸೀವರಿನಲ್ಲಿ ಅಂತರ 2 ಮೀಟರಿಗೆ ಇಳಿಯುತ್ತದೆ, 25ರದ್ದರಲ್ಲಿ 80 ಸೆಂಟಿಮೀಟರಿಗೆ. ಒಂದರಿಂದ ಹತ್ತಕ್ಕೆ ಹೋಗುವುದು ದೊಡ್ಡ ಜಿಗಿತ. ಹತ್ತರಿಂದ ಇಪ್ಪತ್ತೈದಕ್ಕೆ ಹೋಗುವುದು, ನನ್ನ ಲೆಕ್ಕದಲ್ಲಿ, ಸಲೀಸಾಗಿ ಸಿಕ್ಕರೆ ಸರಿ, ಅದಕ್ಕಾಗಿ ಸಾಲ ಮಾಡಬೇಕಿಲ್ಲ.

ಜಿಪಿಎಸ್ ಜಾಗವನ್ನು ತಪ್ಪಾಗಿ ಹೇಳುತ್ತಲೇ ವೇಗವನ್ನು ಸರಿಯಾಗಿ ಹೇಳಬಲ್ಲದು. ಜಾಗದಲ್ಲಿ ಎರಡು ಮೂರು ಮೀಟರ್ ಹೆಚ್ಚುಕಡಿಮೆ ಆಗುವುದು ಮಾಮೂಲು. ಆದರೆ ಒಳ್ಳೆಯ ರಿಸೀವರ್ ವೇಗವನ್ನು ಚುಕ್ಕಿಯಿಂದ ಚುಕ್ಕಿಗೆ ಎಣಿಸಿ ತೆಗೆಯುವುದಿಲ್ಲ. ಉಪಗ್ರಹದ ಅಲೆಯ ಆವರ್ತನ ಎಷ್ಟು ಪಲ್ಲಟವಾಯಿತು ಎಂದು ನೋಡಿ, ಡಾಪ್ಲರ್ ಪರಿಣಾಮದಿಂದ ನೇರವಾಗಿ ತೆಗೆಯುತ್ತದೆ. ತೆರೆದ ಬಯಲಿನಲ್ಲಿ ಅದರ ತಪ್ಪು ಗಂಟೆಗೆ ಒಂದು ಕಿಲೋಮೀಟರಿನ ಸಣ್ಣ ಪಾಲು ಮಾತ್ರ. ಜಾಗದ ತಪ್ಪು ಕೂಡ ನಿಧಾನವಾಗಿ ಜಾರುವಂಥದ್ದಾದ್ದರಿಂದ ಬೆನ್ನುಬೆನ್ನಿಗೆ ಓಡಿದ ಎರಡು ಸುತ್ತುಗಳ ಹೋಲಿಕೆ ಅಷ್ಟಾಗಿ ಕೆಡುವುದಿಲ್ಲ.

ಭೂಮಿಯ ಕಾಂತ ಸಮಭಾಜಕ ದಕ್ಷಿಣ ಭಾರತದ ತುದಿಯಲ್ಲೇ ಹಾದುಹೋಗುವುದರಿಂದ ನಮ್ಮ ಮೇಲಿನ ಅಯಾನುಗೋಳ, ಅಂದರೆ ಮೇಲಿನ ವಾತಾವರಣದ ವಿದ್ಯುತ್ಕಣಗಳ ಪದರ, ಹೆಚ್ಚು ತಳಮಳದಲ್ಲಿರುತ್ತದೆ, ಉಪಗ್ರಹದ ಸಂಕೇತ ಅದನ್ನು ಹಾದು ಬರುವಾಗ ತಡವಾಗುತ್ತದೆ. ಇದನ್ನು ತಿದ್ದಲೆಂದು ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ವಿಮಾನಗಳಿಗಾಗಿ ಕಟ್ಟಿದ ವ್ಯವಸ್ಥೆಯೇ ಗಗನ್. ತಿದ್ದುಪಡಿಯನ್ನು ಬೆಂಗಳೂರಿನ ಕುಂದಲಹಳ್ಳಿಯಿಂದ ಉಪಗ್ರಹಕ್ಕೆ ಏರಿಸುತ್ತಾರೆ. ಆ ತಿದ್ದುಪಡಿಯನ್ನು ಓದಬಲ್ಲ ರಿಸೀವರ್ ಕಾರಿನಲ್ಲಿದ್ದರೆ ಅದು ಪುಕ್ಕಟೆ ಸಿಗುತ್ತದೆ. ಕೊಳ್ಳುವಾಗ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಇದು, ಕೇಳುವವರು ಕಡಿಮೆ. ಗುಬ್ಬಿ ಕಡೆಯ ತೆಂಗಿನ ತೋಟಗಳ ನಡುವಿನ ದಾರಿಯಲ್ಲಿ ಆಕಾಶವೇ ಅರ್ಧ ಕಾಣುತ್ತದೆ. ಅಲ್ಲಿ ಅಮೆರಿಕದ ಜಿಪಿಎಸ್ ಒಂದನ್ನೇ ನಂಬದೆ ರಷ್ಯಾ, ಯುರೋಪುಗಳ ಉಪಗ್ರಹಗಳನ್ನೂ ಹಿಡಿಯುವ ರಿಸೀವರ್ ಒಳ್ಳೆಯದು. ಆಂಟೆನಾ ಕಾರಿನ ಚಾವಣಿಯ ನಡುಮಧ್ಯೆ ಇರಬೇಕು, ಡ್ಯಾಶ್‌ಬೋರ್ಡಿನ ಮೂಲೆಯಲ್ಲಲ್ಲ.

ಎರಡನೆಯದು ಆಕ್ಸೆಲೆರೊಮೀಟರ್, ಕಾರು ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಎಷ್ಟು ಬಲವಾಗಿ ಜಗ್ಗಿತೆಂದು ಹೇಳುವ ಚಿಪ್. ಬೆಲೆ ಅಗ್ಗ, ಜೋಡಿಸುವ ರೀತಿ ಕೆಟ್ಟರೆ ಸುಳ್ಳುಬುರುಕ. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 6,090 ಸುತ್ತು ತಿರುಗುವಾಗ ಸೆಕೆಂಡಿಗೆ 203 ಸಲ ಸಿಡಿಯುತ್ತದೆ. ಆ ನಡುಕವನ್ನು ಫಿಲ್ಟರ್ ಇಲ್ಲದೆ ಸೆಕೆಂಡಿಗೆ 50 ಸಲ ಮಾತ್ರ ಅಳೆದರೆ ಪರದೆಯ ಮೇಲೆ ಸೆಕೆಂಡಿಗೆ 3 ಸಲ ತೂಗುವ ನಿಧಾನ ಅಲೆಯೊಂದು ಮೂಡುತ್ತದೆ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಮೋಸ. ಅದನ್ನು ಕಾರಿನ ಒಲೆದಾಟವೆಂದು ತಿಳಿದು ಸ್ಪ್ರಿಂಗ್ ಬದಲಾಯಿಸಿದರೆ ದುಡ್ಡು ಹೋದಂತೆಯೇ. ಆದ್ದರಿಂದ ಒಳಗೆ ವೇಗವಾಗಿ ಅಳೆದು, ಸೋಸಿ, ಆಮೇಲೆ ಬರೆದಿಡುವ ಪೆಟ್ಟಿಗೆ ಬೇಕು. ಕೂರಿಸುವುದು ಕಾರಿನ ನಡುಭಾಗದಲ್ಲಿ, ನೆಲಕ್ಕೆ ಬೋಲ್ಟು ಹಾಕಿ.

ಮೂರನೆಯದು ಕಾರೇ ಹೇಳುವ ಮಾಹಿತಿ. ನಮ್ಮಲ್ಲಿ 2013ರ ಏಪ್ರಿಲ್ ನಂತರದ ಬಿಎಸ್-4 ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ದೋಷವನ್ನು ತಾನೇ ಪತ್ತೆಹಚ್ಚಿ ಹೇಳುವ ವ್ಯವಸ್ಥೆ, ಕಡ್ಡಾಯವಾಯಿತು. ಸ್ಟೀರಿಂಗಿನ ಕೆಳಗಿನ ಅದರ ಸಾಕೆಟ್ಟಿಗೆ ಪುಟ್ಟ ಬ್ಲೂಟೂತ್ ಡಾಂಗಲ್ ಸಿಕ್ಕಿಸಿದರೆ ಆರ್‌ಪಿಎಂ, ಆಕ್ಸಿಲರೇಟರ್, ವೇಗ ಎಲ್ಲವೂ ಮೊಬೈಲಿಗೆ ಬರುತ್ತವೆ. ಆದರೆ ಇದು ಕೇಳಿ ಪಡೆಯುವ ವ್ಯವಹಾರ. ಒಂದೊಂದನ್ನೂ ಪ್ರತ್ಯೇಕ ಕೇಳಬೇಕು, ಅಗ್ಗದ ಡಾಂಗಲ್ ಸೆಕೆಂಡಿಗೆ ಕೆಲವೇ ಉತ್ತರ ತರುತ್ತದೆ. ಹತ್ತು ವಿಷಯ ಕೇಳಿದರೆ ಹತ್ತೂ ಹಳಸಿ ಬರುತ್ತವೆ. ಆರ್‌ಪಿಎಂ, ಆಕ್ಸಿಲರೇಟರ್, ವೇಗ ಇಷ್ಟಕ್ಕೆ ನಿಲ್ಲಿಸುವುದು ಜಾಣತನ. ಲಕ್ಷದ ಲೆಕ್ಕದ ಲಾಗರುಗಳು ಕಾರಿನ ಕಂಪ್ಯೂಟರುಗಳು ತಮ್ಮೊಳಗೆ ಆಡಿಕೊಳ್ಳುವ ಮಾತನ್ನು, ಅಂದರೆ ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ತಂತಿಯ ಸಂದೇಶಗಳನ್ನು, ನೇರವಾಗಿ ಕದ್ದಾಲಿಸುತ್ತವೆ. ಅಲ್ಲಿ ಒಂದೊಂದು ಅಳತೆಯೂ ಸೆಕೆಂಡಿಗೆ ಹತ್ತಾರು ಸಲ, ಕೆಲವು ನೂರು ಸಲ ಸಿಗುತ್ತದೆ. ಕಾರ್ಬ್ಯುರೇಟರ್ ಕಾಲದ ಹಳೆಯ ಜಿಪ್ಸಿಯಲ್ಲಿ ಇದೊಂದೂ ಇಲ್ಲ. ಇಗ್ನಿಷನ್ ಕಾಯಿಲಿನಿಂದ ಒಂದು ತಂತಿ ಎಳೆದು ಆರ್‌ಪಿಎಂ ಹಿಡಿಯಬೇಕು, ಗ್ಯಾರೇಜಿನ ಎಲೆಕ್ಟ್ರಿಷಿಯನ್ನಿಗೆ ಇದು ದೊಡ್ಡ ಕೆಲಸವೇನಲ್ಲ.

ಒಬಿಡಿಯ ವೇಗ ಚಕ್ರದ ಲೆಕ್ಕದ್ದು, ಅದೂ ಪೂರ್ಣಾಂಕದಲ್ಲಿ. ಮಣ್ಣಿನಲ್ಲಿ ಚಕ್ರ ಸುಮ್ಮನೆ ತಿರುಗಿ ಕಾರು ನಿಂತಲ್ಲೇ ಇದ್ದರೂ ಅದು 40 ಎನ್ನುತ್ತದೆ. ಹಾಗೆಂದು ಎಸೆಯಬೇಡಿ. ಚಕ್ರದ ವೇಗದಿಂದ ಜಿಪಿಎಸ್ ವೇಗ ಕಳೆದರೆ ಸಿಗುವುದೇ ಜಾರಿಕೆ, ಆಕ್ಸಿಲರೇಟರ್ ಎಲ್ಲಿ ಅತಿಯಾಯಿತು ಎಂಬುದರ ಲೆಕ್ಕ. ಕೆಂಪು ಜಲ್ಲಿಯ ಮೇಲೆ ಓಡಿಸುವವರಿಗೆ ಇದಕ್ಕಿಂತ ಉಪಯೋಗದ ಗೆರೆ ಇನ್ನೊಂದಿಲ್ಲ.

ಇಷ್ಟು ತಿಳಿದ ಮೇಲೆ ಆಯ್ಕೆ ಸುಲಭ. ಮೊದಲ ವರ್ಷಕ್ಕೆ ರೇಸ್‌ಕ್ರೋನೊ, ಹ್ಯಾರೀಸ್ ಲ್ಯಾಪ್‌ಟೈಮರ್‌ನಂಥ ಆ್ಯಪ್ ಇರುವ ಮೊಬೈಲು, ಬ್ಲೂಟೂತಿನಲ್ಲಿ ಕೂಡುವ ಹೊರಗಿನ ಜಿಪಿಎಸ್ ರಿಸೀವರ್, ಒಂದು ಡಾಂಗಲ್ ಸಾಕು. ಮೊಬೈಲನ್ನು ಗಾಜಿನ ಹಿಂದೆ ಬಿಸಿಲಿಗೆ ಒಡ್ಡಬೇಡಿ, ಕಾದು ಆರಿಹೋಗುತ್ತದೆ. ಸರ್ಕಿಟ್ಟಿಗೆ ಮತ್ತೆ ಮತ್ತೆ ಹೋಗುವವರು ಇಟಲಿಯ ಏಮ್, ಬ್ರಿಟನ್ನಿನ ರೇಸ್‌ಲಾಜಿಕ್ ಕಂಪನಿಗಳ ಪೆಟ್ಟಿಗೆ ನೋಡಬಹುದು. ಗುಂಡಿ ಒತ್ತುವ ಗೋಜಿಲ್ಲ, ಕಾರು ಹೊರಟೊಡನೆ ತಾನೇ ಬರೆಯತೊಡಗುತ್ತದೆ ಎನ್ನುವುದೇ ಅವುಗಳ ದೊಡ್ಡ ಗುಣ. ಆಸ್ಟ್ರೇಲಿಯಾದ ಮೋಟೆಕ್ ಇಂಜಿನ್ನನ್ನೇ ಆಳುವ ತಂಡಗಳಿಗೆ. ತುಮಕೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ವತಃ ಕಟ್ಟಿಕೊಳ್ಳುವುದೂ ಸಾಧ್ಯ: ಒಂದು ಮೈಕ್ರೊಕಂಟ್ರೋಲರ್, ರಿಸೀವರ್, ಆಕ್ಸೆಲೆರೊಮೀಟರ್, ಮೆಮೊರಿ ಕಾರ್ಡು. ಕಷ್ಟ ಎದುರಾಗುವುದು ಕಾರ್ಡಿನಲ್ಲಿ. ಬರೆಯುತ್ತಾ ಬರೆಯುತ್ತಾ ಅದು ಆಗಾಗ ಸೆಕೆಂಡಿನ ಹತ್ತನೇ ಒಂದು ಭಾಗವೋ ಇನ್ನೂ ಹೆಚ್ಚೋ ಸುಮ್ಮನಾಗುತ್ತದೆ. ಆ ಹೊತ್ತಿನ ಅಳತೆಗಳನ್ನು ಕಾದಿರಿಸಲು ಜಾಗ ಮಾಡದಿದ್ದರೆ ಕಳೆದುಹೋಗುತ್ತವೆ. ಜೊತೆಗೆ ಧೂಳು. ನಮ್ಮ ಮಣ್ಣುದಾರಿಯ ಧೂಳು ಸಂದಿಗೊಂದಿಗೂ ನುಗ್ಗುವುದರಿಂದ ಮುಚ್ಚಳಕ್ಕೆ ರಬ್ಬರ್ ಪಟ್ಟಿ ಇಲ್ಲದ ಪೆಟ್ಟಿಗೆ ಹೆಚ್ಚು ದಿನ ಬಾಳದು.

ಪೆಟ್ಟಿಗೆಗಿಂತ ಸಾಫ್ಟ್‌ವೇರನ್ನು ಮೊದಲು ನೋಡಿ ಎನ್ನುವುದು ನನ್ನ ಸಲಹೆ. ಬಹುತೇಕ ಕಂಪನಿಗಳು ಅದನ್ನು ಮಾದರಿ ಫೈಲುಗಳ ಸಮೇತ ಉಚಿತವಾಗಿ ಕೊಡುತ್ತವೆ. ಎರಡು ಓಟಗಳನ್ನು ಒಂದರ ಮೇಲೊಂದಿಟ್ಟು, ಸಮಯದ ಬದಲು ದೂರದ ಮೇಲೆ ಹೋಲಿಸಲು ಬರಬೇಕು. ಹಾಗೆ ಇಟ್ಟಾಗ ವೇಗದ ಎರಡು ಗೆರೆ, ಅವುಗಳ ಕೆಳಗೆ ಸಮಯದ ಅಂತರದ ಮೂರನೇ ಗೆರೆ. ಈ ಮೂರನೆಯದು ಎಲ್ಲಿ ಏರಿತೋ ಅಲ್ಲಿ ಸೆಕೆಂಡು ಸೋರಿದೆ. ಸಾಮಾನ್ಯವಾಗಿ ಅದು ತಿರುವಿನ ನಡುವೆ ಶುರುವಾಗಿ ನೇರ ದಾರಿಯ ಉದ್ದಕ್ಕೂ ಬೆಳೆಯುತ್ತದೆ. ತಿರುವು ಬಿಡುವಾಗಿನ ವೇಗದ ಕೊರತೆಯನ್ನು ಕಾರು ಮುಂದಿನ ಬ್ರೇಕಿನವರೆಗೂ ಹೊತ್ತೊಯ್ಯುತ್ತದೆ. ಆಕ್ಸಿಲರೇಟರ್ ಗೆರೆಯನ್ನು ಪಕ್ಕದಲ್ಲಿಟ್ಟರೆ ಕಾರಣವೂ ಕಾಣುತ್ತದೆ: ಒತ್ತಿ, ಹೆದರಿ ಬಿಟ್ಟು, ಮತ್ತೆ ಒತ್ತಿದ ಹಲ್ಲುಗಳು.

ರ‍್ಯಾಲಿಯಲ್ಲಿ ಈ ಹೋಲಿಕೆಗೆ ಒಂದು ತೊಡಕಿದೆ. ಮೊದಲ ಸಲ ಓಡುವಾಗ ಸ್ಟೇಜಿನ ಮೇಲೆ ಸಡಿಲ ಜಲ್ಲಿ ಹರಡಿರುತ್ತದೆ. ಹತ್ತಾರು ಕಾರು ಹಾದ ಮೇಲೆ ಜಲ್ಲಿ ಪಕ್ಕಕ್ಕೆ ಸರಿದು, ಅಡಿಯ ಗಟ್ಟಿ ನೆಲದಲ್ಲಿ ಟೈರಿಗೆ ಹಿಡಿತ ಸಿಗುತ್ತದೆ. ಎರಡನೇ ಓಟದಲ್ಲಿ ಗಳಿಸಿದ ಮೂರು ಸೆಕೆಂಡು ಡ್ರೈವರಿನದೋ ದಾರಿಯದೋ ಎಂಬುದು ಲಾಗರಿಗೆ ತಿಳಿಯದು. ಟೈರಿನಲ್ಲಿ ಗಾಳಿ ಎಷ್ಟಿತ್ತು, ಮಳೆ ಹನಿಯಿತೇ ಎಂಬುದೂ ತಿಳಿಯದು. ಇವನ್ನೆಲ್ಲ ಓಟ ಮುಗಿದೊಡನೆ ಫೈಲಿನ ಹೆಸರಿನ ಮುಂದೆ ಕೈಯಾರೆ ಬರೆದುಕೊಳ್ಳಬೇಕು. ಮಿಕ್ಕಿದ್ದಕ್ಕೆ ಸಂಘಟಕರು ಹಚ್ಚುವ ಫಲಿತಾಂಶದ ಪಟ್ಟಿ ಇದೆ: ನಿಮ್ಮ ವರ್ಗದ ಉಳಿದ ಕಾರುಗಳೂ ಎರಡನೇ ಸಲ ಮೂರು ಸೆಕೆಂಡು ಬೇಗ ಬಂದಿದ್ದರೆ, ಆ ಮೂರು ಸೆಕೆಂಡು ದಾರಿಯದು.