ಸಕ್ಕರೆ ಕಾಯಿಲೆ: ಊರು ಆಡುವ ಮಾತು, ದೇಹ ಹೇಳುವ ಸತ್ಯ

ಬಸವಕಲ್ಯಾಣ, ಹುಮನಾಬಾದ್ ಕಡೆ ಮದುವೆ ಪಂಕ್ತಿಯಲ್ಲಿ ಕೂತು ಹೋಳಿಗೆ ಬಡಿಸುವವರಿಗೆ ‘ಅರ್ಧ ಸಾಕ್ರಿ’ ಅಂದು ನೋಡಿ. ಕೂಡಲೇ ಪಕ್ಕದವರು ‘ಯಾಕ್ರಿ, ಶುಗರ್ ಅದ ಏನು?’ ಎಂದು ಕೇಳುತ್ತಾರೆ. ಹೌದು ಎಂದರೆ ಒಬ್ಬರು ಮರುಗುತ್ತಾರೆ, ಇನ್ನೊಬ್ಬರು ಬೈಯುತ್ತಾರೆ, ಮತ್ತೊಬ್ಬರು ಔಷಧಿ ಹೇಳುತ್ತಾರೆ. ಕೈತೊಳೆಯುವ ಹೊತ್ತಿಗೆ ನಾಲ್ಕು ಸಲಹೆ ಸಿಕ್ಕಿರುತ್ತವೆ, ಅವುಗಳಲ್ಲಿ ಮೂರು ತಪ್ಪಾಗಿರುತ್ತವೆ.

ಇದು ಅಪರೂಪದ ಕಾಯಿಲೆಯೇನಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಜನರಿಗೆ, ಅಂದರೆ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ಆದರೂ ಈ ಕಾಯಿಲೆಯ ಬಗ್ಗೆ ನಾವು ಆಡುವ ಮಾತು ಬದಲಾಗಿಲ್ಲ.

ಮಾತಿನಿಂದ ಏನಾಗುತ್ತದೆ ಎನ್ನಬೇಡಿ. ನೆಂಟರ ಎದುರು ನಾಚಿಕೆಪಟ್ಟು ಇನ್ಸುಲಿನ್ ಸೂಜಿ ತಪ್ಪಿಸುವ ಸೊಸೆಯಂದಿರಿದ್ದಾರೆ. ‘ಗುಳಗಿ ಕಿಡ್ನಿ ತಿಂತಾವ’ ಎಂಬ ಮಾತಿಗೆ ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ತಪ್ಪು ಮಾತು ಮನಸ್ಸನ್ನು ನೋಯಿಸಿ ಸುಮ್ಮನಾಗುವುದಿಲ್ಲ, ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಅದಕ್ಕೇ ಪದೇ ಪದೇ ಕಿವಿಗೆ ಬೀಳುವ ಮಾತುಗಳನ್ನು, ಅವುಗಳ ಹಿಂದಿನ ಸತ್ಯವನ್ನು, ಕೊಡಬಹುದಾದ ಉತ್ತರವನ್ನು ಇಲ್ಲಿ ಒಟ್ಟಿಗೆ ಕೊಟ್ಟಿದೆ.

‘ಭಾಳ ಸಿಹಿ ತಿಂದ, ಅದಕ್ಕ ಬಂತು’

ಸತ್ಯ: ಹೊಟ್ಟೆಯ ಹಿಂಬದಿಯಲ್ಲಿರುವ ಮೇದೋಜ್ಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ ಎಂಬ ಹಾರ್ಮೋನು ತಯಾರಿಸುತ್ತವೆ. ಊಟದಿಂದ ರಕ್ತಕ್ಕೆ ಬಂದ ಗ್ಲೂಕೋಸ್ ಜೀವಕೋಶಗಳ ಒಳಗೆ ಹೋಗಲು ಅದು ಬೇಕು. ಟೈಪ್ 1 ಮಧುಮೇಹದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಈ ಕೋಶಗಳನ್ನು ನಾಶ ಮಾಡುತ್ತದೆ. ಮಿಠಾಯಿಗೂ ಅದಕ್ಕೂ ಸಂಬಂಧವಿಲ್ಲ. ಟೈಪ್ 2ರಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ, ಬರಬರುತ್ತ ಉತ್ಪತ್ತಿಯೂ ಕುಗ್ಗುತ್ತದೆ. ಇದಕ್ಕೆ ವಂಶ, ವಯಸ್ಸು, ಹೊಟ್ಟೆಯ ಸುತ್ತಲಿನ ಕೊಬ್ಬು, ಮೈಗೆ ಕೆಲಸವಿಲ್ಲದಿರುವುದು ಎಲ್ಲವೂ ಸೇರಿ ಕಾರಣವಾಗುತ್ತವೆ. ಸಿಹಿ ಪಾನೀಯ, ಸಿಹಿ ತಿಂಡಿ ಅತಿಯಾದರೆ ತೂಕ ಏರಿ ಅಪಾಯ ಹೆಚ್ಚುತ್ತದೆ, ನಿಜ. ಆದರೆ ಸಿಹಿಯೊಂದೇ ಕಾರಣ ಎನ್ನುವುದು ತಪ್ಪು. ನಮ್ಮವರಲ್ಲಿ ತೆಳ್ಳಗೆ ಕಾಣುವವರಿಗೂ ಟೈಪ್ 2 ಬರುತ್ತದೆ.

ಈ ತಿಳಿವಳಿಕೆ ಹೊಸದೂ ಅಲ್ಲ. ಆಯುರ್ವೇದದ ಸುಶ್ರುತ ಸಂಹಿತೆ, ಮಧುಮೇಹವೂ ಸೇರುವ ಪ್ರಮೇಹವನ್ನು ಹುಟ್ಟಿನಿಂದ ಬರುವ ‘ಸಹಜ’, ಆಹಾರ ವಿಹಾರ ಕೆಟ್ಟು ಬರುವ ‘ಅಪಥ್ಯನಿಮಿತ್ತಜ’ ಎಂದು ಆಗಲೇ ಎರಡಾಗಿ ವಿಂಗಡಿಸಿತ್ತು.

ಹೀಗೆ ಹೇಳಬಹುದು: ‘ಕಾಕಾ, ಇದು ನಾ ಮಾಡಿಕೊಂಡ ತಪ್ಪಲ್ಲ. ನಮ್ಮ ಮನಿತನದಾಗೇ ಅದ. ನೀವೂ ಒಮ್ಮೆ ರಕ್ತ ತೋರಿಸ್ಕೋರಿ.’

‘ಇಷ್ಟ್ ಸಣ್ಣ ಕೂಸಿಗಿ ಶುಗರ್ ಹ್ಯಾಂಗ ಬರ್ತದ?’

ಸತ್ಯ: ಎರಡು ವರ್ಷದ ಮಗುವಿಗೂ ಟೈಪ್ 1 ಬರಬಹುದು. ಲಕ್ಷಣಗಳು ಎದ್ದು ಕಾಣುವಂಥವು: ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡುವುದು, ಚೆನ್ನಾಗಿ ಉಂಡರೂ ಸೊರಗುವುದು. ಇದನ್ನು ದೃಷ್ಟಿ ತಾಗಿದೆ ಎಂದು ತಿಳಿದು ತಾಯತ ಕಟ್ಟಿಸಿ ದಿನ ಕಳೆದರೆ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗುತ್ತವೆ. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ತುಂಬಿಕೊಂಡ ಸ್ಥಿತಿಯದು, ಜೀವಕ್ಕೆ ಕುತ್ತು. ಇಂಥ ಮಗುವನ್ನು ಕಂಡಾಗ ಬೆರಳ ತುದಿಯ ಒಂದು ಹನಿ ರಕ್ತದ ಪರೀಕ್ಷೆಯನ್ನು ಅವತ್ತೇ ಮಾಡಿಸಬೇಕು.

ತಾಯಿಯನ್ನು ‘ಏನ್ ತಿನ್ನಿಸಿದಿ?’ ಎಂದು ಕೇಳುವವರು ಒಂದು ಮಾತು ನೆನಪಿಡಲಿ. ಮಗುವಿಗೆ ಟೈಪ್ 1 ಬರದಂತೆ ತಡೆಯಲು ಆ ತಾಯಿ ಮಾಡಬಹುದಾಗಿದ್ದದ್ದು ಏನೂ ಇರಲಿಲ್ಲ.

‘ಸೂಜಿ ಶುರು ಆತಂದ್ರ ಮುಗೀತು, ಚಟ ಆಗ್ತದ’

ಸತ್ಯ: ಇನ್ಸುಲಿನ್ ನಮ್ಮ ದೇಹದಲ್ಲೇ ಹುಟ್ಟುವ ವಸ್ತು, ಅದಕ್ಕೆ ಚಟ ಹತ್ತಿಸುವ ಗುಣವಿಲ್ಲ. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಮತ್ತು ಸಂಗಡಿಗರು ಇದನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಕೊಟ್ಟರು. ಅಲ್ಲಿಯವರೆಗೆ ಇಂಥ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುವುದೇ ಚಿಕಿತ್ಸೆಯಾಗಿತ್ತು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು ಇಂದು ವಿಶ್ವ ಮಧುಮೇಹ ದಿನವಾಗಿ ಆಚರಿಸುತ್ತಾರೆ.

ಟೈಪ್ 1 ಇದ್ದವರಿಗೆ ಇನ್ಸುಲಿನ್ ಮೊದಲ ದಿನದಿಂದ ಬೇಕು. ಟೈಪ್ 2ರಲ್ಲಿ ವರ್ಷಗಳು ಉರುಳಿದಂತೆ ಗ್ರಂಥಿ ದಣಿಯುತ್ತದೆ, ಆಗ ಹೊರಗಿನಿಂದ ಕೊಡಬೇಕಾಗುತ್ತದೆ. ರೋಗಿ ಸೋತ ಎಂದು ಅದರ ಅರ್ಥವಲ್ಲ. ಇನ್ನು ಸೂಜಿಯ ಭಯ. ಈಗಿನ ಇನ್ಸುಲಿನ್ ಪೆನ್ನಿನ ಸೂಜಿ ನಾಲ್ಕೇ ಮಿಲಿಮೀಟರ್ ಉದ್ದ, ಬಲು ಸಣ್ಣ. ಹೊಟ್ಟೆಯ ಚರ್ಮಕ್ಕೆ ನೇರ ಇಟ್ಟು ಗುಂಡಿ ಒತ್ತಿ ನಿಧಾನಕ್ಕೆ ಹತ್ತು ಎಣಿಸಿ ತೆಗೆದರೆ ಮುಗಿಯಿತು, ಬೆರಳು ಚುಚ್ಚಿ ರಕ್ತ ತೆಗೆಯುವುದೇ ಇದಕ್ಕಿಂತ ಹೆಚ್ಚು ನೋವು. ನಮ್ಮ ಬೀದರ ಜಿಲ್ಲೆಯ ಬೇಸಿಗೆಯಲ್ಲಿ ಔಷಧಿ ಕೆಡದಂತೆ ಕಾಯುವುದು ಮಾತ್ರ ಮುಖ್ಯ. ಮನೆಯಲ್ಲಿ ಫ್ರಿಜ್ ಇಲ್ಲದಿದ್ದರೆ ನೀರು ತುಂಬಿದ ಮಣ್ಣಿನ ಗಡಿಗೆಯೊಳಗೆ, ನೀರು ತಾಗದಂತೆ ಸಣ್ಣ ಪಾತ್ರೆಯಲ್ಲಿಟ್ಟು ನೆರಳಿನಲ್ಲಿ ಇಡಬಹುದು.

ಹೀಗೆ ಹೇಳಬಹುದು: ‘ಕಣ್ಣು ಮಂಜಾದ್ರ ಚಷ್ಮಾ ಹಾಕ್ಕೊಳ್ಳಂಗಿಲ್ಲೇನ್ರಿ? ಇದೂ ಹಂಗೇ, ಕಡಿಮಿ ಆದದ್ದು ಕೊಟ್ಕೊಳ್ಳೋದು.’

‘ಶುಗರ್ ಹುಡುಗ, ಆಟಕ್ಕ ಕರೀಬ್ಯಾಡ್ರಿ’

ಸತ್ಯ: ಪಾಕಿಸ್ತಾನದ ವೇಗಿ ವಾಸಿಂ ಅಕ್ರಂಗೆ 1997ರಲ್ಲಿ ಮಧುಮೇಹ ಪತ್ತೆಯಾಯಿತು. ಇನ್ಸುಲಿನ್ ತೆಗೆದುಕೊಳ್ಳುತ್ತಲೇ ಆಡಿದ ಅವರು 2003ರ ವಿಶ್ವಕಪ್‌ನಲ್ಲಿ ಏಕದಿನ ಕ್ರಿಕೆಟ್‌ನ 500 ವಿಕೆಟ್ ದಾಟಿದ ಮೊದಲ ಬೌಲರ್ ಆದರು. ಮಧುಮೇಹದ ಮಗು ಓಡಬೇಕು, ಆಡಬೇಕು. ಕಿಸೆಯಲ್ಲಿ ಒಂದು ಗ್ಲೂಕೋಸ್ ಪೊಟ್ಟಣ ಇರಲಿ, ಜೊತೆಯ ಗೆಳೆಯನಿಗೆ, ಶಾಲೆಯ ಸರ್‌ಗೆ ವಿಷಯ ಗೊತ್ತಿರಲಿ. ಅಷ್ಟು ಸಾಕು.

‘ಸಕ್ಕರಿ ಬ್ಯಾಡ, ಬೆಲ್ಲ ಹಾಕ್ಕೋ. ರೊಟ್ಟಿ ಎಷ್ಟರೆ ತಿನ್ನು’

ಸತ್ಯ: ಹುಮನಾಬಾದ್ ತಾಲೂಕಿನ ಹಳ್ಳಿಖೇಡ (ಬಿ) ಬಳಿಯ ಸಹಕಾರಿ ಸಕ್ಕರೆ ಕಾರ್ಖಾನೆ ಇಲ್ಲಿ ಎಲ್ಲರಿಗೂ ಗೊತ್ತು. ಹೊಲದ ಕಬ್ಬು ಕಾರ್ಖಾನೆಗೆ ಹೋದರೆ ಸಕ್ಕರೆಯಾಗುತ್ತದೆ, ಆಲೆಮನೆಗೆ ಹೋದರೆ ಬೆಲ್ಲವಾಗುತ್ತದೆ. ಬೆಲ್ಲದ ಬಹುಪಾಲು ಅದೇ ಸುಕ್ರೋಸ್. ಒಂದಿಷ್ಟು ಖನಿಜಾಂಶ ಉಳಿದಿರುತ್ತದೆ ಎಂಬುದು ಬಿಟ್ಟರೆ ರಕ್ತದ ಸಕ್ಕರೆಗೆ ಎರಡೂ ಒಂದೇ. ಜೇನುತುಪ್ಪದ್ದೂ ಇದೇ ಕಥೆ. ಬೆಲ್ಲದ ಚಾ ನಿರಪಾಯವೆಂದು ದಿನಕ್ಕೆ ನಾಲ್ಕು ಲೋಟ ಕುಡಿದವರ ವರದಿ ಅದನ್ನು ಹೇಳಿಯೇ ಹೇಳುತ್ತದೆ.

ಜೋಳದ ರೊಟ್ಟಿ ಒಳ್ಳೆಯದೇ. ಅದರ ನಾರಿನಂಶದಿಂದ ಸಕ್ಕರೆ ಬಿಳಿ ಅನ್ನಕ್ಕಿಂತ ನಿಧಾನಕ್ಕೆ ಏರುತ್ತದೆ. ಆದರೆ 100 ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಹಿಡಿದರೆ 35 ಗ್ರಾಂ. ನಾಲ್ಕು ರೊಟ್ಟಿ ಉಂಡರೆ 140 ಗ್ರಾಂ ಆಯಿತು, ಅದೂ ಗ್ಲೂಕೋಸೇ ಆಗುತ್ತದೆ. ತಾಟಿನಲ್ಲಿ ರೊಟ್ಟಿ ಕಡಿಮೆ ಮಾಡಿ ಪಲ್ಯ, ಬೇಳೆ ಹೆಚ್ಚಿಸುವುದು ಸರಿಯಾದ ದಾರಿ. ಎಳ್ಳಮಾಸಿಗೆ ಹೊಲದಲ್ಲಿ ಕೂತು ಉಣ್ಣುವ ನಮ್ಮ ಭಜ್ಜಿ ಪಲ್ಯವನ್ನೇ ನೋಡಿ. ಕಾಳು, ಸೊಪ್ಪು, ತರಕಾರಿ ತುಂಬಿದ ಆ ಊಟ ಮಧುಮೇಹಿಗೆ ಹೇಳಿ ಮಾಡಿಸಿದ್ದು. ಪಕ್ಕದ ಸಜ್ಜೆ ರೊಟ್ಟಿಯನ್ನಷ್ಟೇ ಎಣಿಸಿ ಹಾಕಿಕೊಂಡರೆ ಸಾಕು.

‘ಇನ್ಸುಲಿನ್ ಗಿಡದ ಎಲಿ ತಿನ್ನು, ಗುಳಗಿ ಬಿಟ್ಟಬಿಡು. ಗುಳಗಿ ಕಿಡ್ನಿ ಕೆಡಸ್ತಾವ’

ಸತ್ಯ: ಅಂಗಳದ ‘ಇನ್ಸುಲಿನ್ ಗಿಡ’ದ ಎಲೆಯಲ್ಲಿ ಇನ್ಸುಲಿನ್ ಇಲ್ಲ. ಇನ್ಸುಲಿನ್ ಒಂದು ಪ್ರೋಟೀನ್, ಬಾಯಿಂದ ನುಂಗಿದರೆ ಬೇಳೆಯಂತೆ ಜೀರ್ಣವಾಗಿಬಿಡುತ್ತದೆ. ಚುಚ್ಚಿಕೊಳ್ಳಬೇಕಾದ್ದು ಅದಕ್ಕೇ. ಹಾಗಲಕಾಯಿ, ಮೆಂತ್ಯ ಊಟದ ಭಾಗವಾಗಿ ಒಳ್ಳೆಯವು. ಔಷಧಿಯ ಜಾಗಕ್ಕೆ ಅವು ಬರಲಾರವು. ಬಹಳಷ್ಟು ಜನ ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಯುರೋಪಿನ ಒಂದು ಗಿಡವೇ. ಅದರಲ್ಲಿ ಸಿಕ್ಕ ರಾಸಾಯನಿಕವನ್ನು ಆಧರಿಸಿ, ಅಳೆದು ಪರೀಕ್ಷಿಸಿ 1957ರಿಂದ ಮಧುಮೇಹಕ್ಕೆ ಕೊಡಲಾಗುತ್ತಿದೆ. ಅದು ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ವರ್ಷಗಟ್ಟಲೆ ಏರಿದ ಸಕ್ಕರೆ ಮತ್ತು ಬಿಪಿ ಕೆಡಿಸುತ್ತವೆ. ಮೂತ್ರಪಿಂಡ ಮೊದಲೇ ದುರ್ಬಲವಾಗಿದ್ದರೆ ವೈದ್ಯರು ಮಾತ್ರೆಯ ಪ್ರಮಾಣ ಇಳಿಸುತ್ತಾರೆ ಅಥವಾ ಬದಲಿಸುತ್ತಾರೆ. ಜನ ಅದನ್ನೇ ತಿರುಗಾಮುರುಗಾ ಮಾಡಿ ಮಾತ್ರೆಯ ಮೇಲೆ ಹೊರಿಸುತ್ತಾರೆ.

ಹೀಗೆ ಹೇಳಬಹುದು: ‘ಅಕ್ಕಾ, ನೀ ಹೇಳಿದ ಮೆಂತ್ಯಾನೂ ತಿಂತೀನಿ, ಡಾಕ್ಟರ್ ಕೊಟ್ಟ ಗುಳಗೀನೂ ನುಂಗ್ತೀನಿ.’ ಕಾಳಜಿಯಿಂದ ಹೇಳಿದವರ ಮನ ನೋಯದು, ಔಷಧಿಯೂ ನಿಲ್ಲದು.

‘ಉಪವಾಸ ಇದ್ರ ಶುಗರ್ ಇಳಿತದ’

ಸತ್ಯ: ನಮ್ಮಲ್ಲಿ ಏಕಾದಶಿ ಎಂದರೆ ಸಾಬುದಾಣಿ. ಸಾಬುದಾಣಿ ಹೆಚ್ಚುಕಡಿಮೆ ಬರಿ ಪಿಷ್ಟ, ನಾರು ಇಲ್ಲವೆನ್ನುವಷ್ಟು ಕಡಿಮೆ. ಉಪವಾಸದ ದಿನವೇ ಸಕ್ಕರೆ ಏರುವುದು ಹೀಗೆ. ಏನೂ ತಿನ್ನದೆ ಮಾತ್ರೆ, ಸೂಜಿ ಮಾತ್ರ ತೆಗೆದುಕೊಂಡರೆ ತೀರಾ ಇಳಿಯುವ ಅಪಾಯ. ಎರಡೂ ಕಡೆ ಎಚ್ಚರ ಬೇಕು.

ರಮಜಾನ್ ತಿಂಗಳಲ್ಲಿ ‘ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುತ್ತದೆ’ ಎಂದು ನಂಬಿದವರೂ ನಮ್ಮ ನಡುವೆ ಇದ್ದಾರೆ. ಹಾಗೆ ಮುರಿಯುವುದಿಲ್ಲ ಎಂದು ಅನೇಕ ಧರ್ಮಪಂಡಿತರೇ ಹೇಳಿದ್ದಾರೆ. ರಕ್ತದ ಸಕ್ಕರೆ (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಕೂಡಲೇ ರೋಜಾ ಬಿಡಬೇಕು ಎಂಬುದು ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ. ಯಾವ ವ್ರತವೇ ಇರಲಿ, ಹಿಡಿಯುವ ಮೊದಲೇ ವೈದ್ಯರನ್ನು ಕಂಡು ಔಷಧಿಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು.

‘ಶುಗರ್ ಅದ ಅಂತಿ, ಮತ್ತ ಪೇಡೆ ತಿನ್ಲತ್ತಿ?’

ಇದೊಂದು ಮಾತು ಜೀವಕ್ಕೇ ಮುಳುವಾಗಬಹುದು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡವರಿಗೆ ಊಟ ತಡವಾದರೆ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿಯಬಹುದು. ಮದುವೆ ಮಂಟಪದಲ್ಲಿ ಅಕ್ಕಿಕಾಳು ಬೀಳುವ ಮುಹೂರ್ತ ಹನ್ನೆರಡೂವರೆಗೆ ಎಂದಿದ್ದು ಎರಡಕ್ಕೆ ಮುಟ್ಟುತ್ತದೆ. ಬೆಳಿಗ್ಗೆ ಸೂಜಿ ತೆಗೆದುಕೊಂಡು ಬಂದವರ ಹಣೆಯಲ್ಲಿ ತಣ್ಣನೆ ಬೆವರು, ಕೈ ನಡುಕ, ಎದೆ ಢವಢವ, ಕಣ್ಣು ಕತ್ತಲೆ, ಕೇಳಿದ್ದಕ್ಕೆ ತಾಳಮೇಳವಿಲ್ಲದ ಉತ್ತರ. ಆಗ ಸಿಹಿಯೇ ಔಷಧಿ. ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಆಮೇಲೆ ಊಟ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಆ ಹೊತ್ತಿನಲ್ಲಿ ಯಾರಾದರೂ ‘ಸಿಹಿ ಕೊಡಬ್ಯಾಡ್ರಿ, ಅವರಿಗಿ ಶುಗರ್ ಅದ’ ಎಂದು ತಡೆದರೆ ಅನಾಹುತವೇ ಆದೀತು.

ಉಳಿದ ಹೊತ್ತಿನಲ್ಲೂ ಅರ್ಧ ಪೇಡೆಯನ್ನು ಲೆಕ್ಕ ಹಾಕಿ ತಿನ್ನುವವರಿರುತ್ತಾರೆ. ಅವರ ತಾಟಿನ ಕಾವಲು ನಮ್ಮ ಕೆಲಸವಲ್ಲ.

‘ಸೂಜಿ ತಗೊಳ್ಳೋ ಹುಡುಗಿ, ಯಾರು ಮಾಡ್ಕೋತಾರ?’

ಸತ್ಯ: ಮಧುಮೇಹ ಮುಟ್ಟಿದರೆ ಅಂಟುವ ಕಾಯಿಲೆಯಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡು, ಗರ್ಭ ಧರಿಸುವ ಮೊದಲೇ ವೈದ್ಯರ ಸಲಹೆ ಪಡೆದ ಟೈಪ್ 1 ಹೆಣ್ಣುಮಕ್ಕಳು ಆರೋಗ್ಯವಂತ ಮಕ್ಕಳನ್ನು ಹೆರುತ್ತಾರೆ. ತಾಯಿಗೆ ಟೈಪ್ 1 ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ತಂದೆಗಿದ್ದರೆ ತುಸು ಹೆಚ್ಚು. ಟೈಪ್ 2 ಇದಕ್ಕಿಂತ ಬಲವಾಗಿ ವಂಶದಲ್ಲಿ ಹರಿಯುತ್ತದೆ, ಗಂಡಿನ ಕಡೆಯಿಂದಲೂ. ಆದರೂ ಹುಡುಗನ ಅಪ್ಪನ ಶುಗರ್ ಬಗ್ಗೆ ಯಾರೂ ಕೇಳುವುದಿಲ್ಲ, ಹುಡುಗಿಯ ಸೂಜಿಯನ್ನೇ ಎತ್ತಿ ಆಡುತ್ತಾರೆ. ಇದು ಅನ್ಯಾಯ. ಮುಚ್ಚಿಟ್ಟು ಮದುವೆ ಮಾಡುವುದೂ ತಪ್ಪು. ಗಂಡನ ಮನೆಯಲ್ಲಿ ಕದ್ದುಮುಚ್ಚಿ ಸೂಜಿ ತೆಗೆದುಕೊಳ್ಳಬೇಕಾದವಳು ಒಂದು ದಿನ ತಪ್ಪಿಸುತ್ತಾಳೆ, ಟೈಪ್ 1ರಲ್ಲಿ ಆ ಒಂದು ದಿನವೇ ಆಸ್ಪತ್ರೆ ಸೇರಿಸಬಲ್ಲದು.

ಯಾರಿಗೆ ಎಷ್ಟು ಉತ್ತರ?

ಕೇಳಿದವರಿಗೆಲ್ಲ ವಿವರ ಕೊಡುವ ಹಂಗಿಲ್ಲ. ಬಸ್ಸಿನಲ್ಲಿ ಸಿಕ್ಕ ಅಪರಿಚಿತರಿಗೆ ‘ನಮ್ಮ ಡಾಕ್ಟರ್ ನೋಡ್ಲತ್ಯಾರ’ ಎಂಬ ಒಂದೇ ಮಾತು ಸಾಕು. ಒತ್ತಾಯಿಸಿ ಬಡಿಸುವ ಅತ್ತಿಗೆ, ಕಾಕಿಗೆ ‘ನಿಮ್ಮ ಕೈ ಊಟ ಆತು, ಇನ್ನೊಂದು ಹಾಕಿದ್ರ ನನಗ ತ್ರಾಸ ಆಗ್ತದ’ ಎಂದು ಕೈ ಅಡ್ಡ ಹಿಡಿಯಬಹುದು. ದಿನಾ ಜೊತೆಗಿರುವವರಿಗೆ ಮಾತ್ರ, ಮನೆಯವರು, ಶಾಲೆ, ಕೆಲಸದ ಜಾಗದ ಒಬ್ಬಿಬ್ಬರಿಗೆ, ಸಮಯ ಕೊಟ್ಟು ಎಲ್ಲ ಹೇಳಬೇಕು. ಸಕ್ಕರೆ ಇಳಿದಾಗ ಕೈ ಹಿಡಿಯುವವರು ಅವರೇ.

ಮಾತಾಡುವವರಿಗೂ ಒಂದು ವಿನಂತಿ. ‘ಯಾಕ ಬಂತು, ಯಾಕ ತಿಂದಿ’ ಎಂದು ಕೇಳುವ ಬದಲು ‘ಊಟದ ಹೊತ್ತಾತು, ಮೊದಲು ನಿಮಗ ಹಾಕಲೇನು?’ ಎಂದು ಕೇಳಿ. ಚಾ ಕೊಡುವಾಗ ಸಕ್ಕರೆ ಬೇರೆ ಇಡಿ.

ಜೊತೆಗೆ ನಿಮ್ಮ ರಕ್ತವನ್ನೂ ತೋರಿಸಿಕೊಳ್ಳಿ. 30 ವರ್ಷ ದಾಟಿದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಬರಿಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ ಚಿಕಿತ್ಸೆ ಶುರುಮಾಡಬೇಕು. ಬೇರೆಯವರ ಕಾಯಿಲೆಯ ಬಗ್ಗೆ ಮಾತಾಡುವ ಎಷ್ಟೋ ಮಂದಿಗೆ ತಮಗೂ ಅದು ಇರುವುದು ಗೊತ್ತಿರುವುದಿಲ್ಲ, ಏಕೆಂದರೆ ಟೈಪ್ 2 ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಇವತ್ತು ಸರಿಯಾದ ಮಾತು ಕಲಿತರೆ ನಾಳೆ ಅದೇ ಮಾತು ನಮ್ಮನ್ನೂ ಕಾಯುತ್ತದೆ.