ರಾವುತನ ಬಲವೂ ಗಣಕಯಂತ್ರದ ಸೇನೆಯೂ

1302ನೆಯ ಇಸವಿ ಜುಲೈ 11ರಂದು, ಇಂದಿನ ಬೆಲ್ಜಿಯಂ ದೇಶದ ಕೋರ್ಟ್ರೇ ಎಂಬ ಊರಿನ ಹೊರಗೆ, ಫ್ರಾನ್ಸಿನ ಕವಚಧಾರಿ ರಾವುತರು ಫ್ಲಾಂಡರ್ಸ್ ನಾಡಿನ ಕಾಲಾಳುಗಳ ಮೇಲೆ ಏರಿಹೋದರು. ಕಾಲಾಳುಗಳಲ್ಲಿ ಬಹುಮಂದಿ ನೇಕಾರರು ಮತ್ತು ಇತರ ಕಸಬುದಾರರು. ನೆಲದಲ್ಲಿ ತೊರೆಗಳೂ ಕಾಲುವೆಗಳೂ ಇದ್ದುವು. ಅವುಗಳಾಚೆ ಈಟಿಗಳ ಸಾಲು ಕದಲದೆ ನಿಂತಿತ್ತು. ರಾವುತರು ಸೋತರು. ಕುದುರೆಯ ಬಲಕ್ಕೂ ಒಂದು ಮೇರೆಯುಂಟೆಂದು ಅಂದು ಯೂರೋಪು ಕಂಡಿತು.

ಅಂತಹ ಕಾಳಗಗಳನ್ನು ಗಣಕಯಂತ್ರದ ಪರದೆಯ ಮೇಲೆ ಆಟವಾಗಿ ರಚಿಸುವವರು ಈ ಮೇರೆಯನ್ನು ಅಂಕಿಗಳಲ್ಲಿ ಹೇಳಬೇಕಾಗುತ್ತದೆ. ರಾವುತನ ಬಲ ಮಿತಿಮೀರಿದರೆ ಎಲ್ಲರೂ ಅವನನ್ನೇ ಆರಿಸುವರು. ಕುಗ್ಗಿದರೆ ಯಾರೂ ಆರಿಸರು. ಹಾಗಾದರೆ ತಕ್ಕಡಿಯನ್ನು ಸರಿದೂಗಿಸುವ ಬಗೆ ಹೇಗೆ?

1999ರಲ್ಲಿ ಹೊರಬಂದ 'ಏಜ್ ಆಫ್ ಎಂಪೈರ್ಸ್ 2' ಎಂಬ ಆಟವನ್ನು ನೋಡೋಣ. ಯಾವ ಸುಧಾರಣೆಯನ್ನೂ ಸೇರಿಸದೆ ಲೆಕ್ಕ ಹಾಕಿದರೆ, ಅದರಲ್ಲಿ ನೈಟ್ ಎಂಬ ರಾವುತನ ಪ್ರಾಣಬಲ 100, ಹೊಡೆತ 10, ಕವಚ 2. ಪೈಕ್‌ಮನ್ ಎಂಬ ಈಟಿಗಾರನ ಪ್ರಾಣಬಲ 55, ಹೊಡೆತ 4, ಕವಚವಿಲ್ಲ. ಎದುರಾಳಿಯ ಕವಚವನ್ನು ಹೊಡೆತದಿಂದ ಕಳೆಯಬೇಕು. ಇಷ್ಟೇ ಆಗಿದ್ದರೆ ಈಟಿಗಾರನ ಒಂದು ಹೊಡೆತದಿಂದ ರಾವುತನಿಗೆ ತಗಲುವುದು 2 ಅಂಕ. ಅವನನ್ನು ಕೆಡವಲು 50 ಹೊಡೆತಗಳು ಬೇಕು! ಆದರೆ ಕುದುರೆಯ ಮೇಲೆ ಈಟಿಗೆ 22 ಅಂಕಗಳ ವಿಶೇಷ ಬಲವನ್ನು ಕೊಡಲಾಗಿದೆ. ಆದ್ದರಿಂದ 5 ಹೊಡೆತಗಳೇ ಸಾಕು.

ಹೀಗಿದ್ದರೂ ಒಬ್ಬನಿಗೊಬ್ಬ ಎದುರಾದರೆ ಗೆಲ್ಲುವವನು ರಾವುತನೇ. ಅವನಿಗೆ 6 ಹೊಡೆತಗಳು ಬೇಕಾದರೂ ಅವನ ಕೈ ಬಹು ಚುರುಕು. ತಕ್ಕಡಿ ಸಮನಾಗುವುದು ಬೆಲೆಯಲ್ಲಿ. ರಾವುತನಿಗೆ 60 ಆಹಾರ, 75 ಚಿನ್ನ, ಒಟ್ಟು 135. ಈಟಿಗಾರನಿಗೆ 35 ಆಹಾರ, 25 ಮರ, ಒಟ್ಟು 60. ಒಬ್ಬ ರಾವುತನ ಬೆಲೆಗೆ ಇಬ್ಬರು ಈಟಿಗಾರರು ದೊರೆಯುವರು. ಇಬ್ಬರೂ ಒಟ್ಟಿಗೆ ಮೇಲೆ ಬಿದ್ದರೆ ರಾವುತನು ಒಬ್ಬನನ್ನೂ ಕೊಲ್ಲುವ ಮೊದಲೇ ಉರುಳುವನು. ಆದರೆ ಕುದುರೆಗೆ ವೇಗವುಂಟು. ಈಟಿಗಳನ್ನು ಬಳಸಿಹೋಗಿ ಬಿಲ್ಲುಗಾರರ ಮೇಲೆ ಎರಗಬಹುದು. ಎಂದರೆ, ಕೊನೆಯ ಮಾತು ದಳಪತಿಯ ವಿವೇಕದ್ದು.

ಈ ವಿವೇಕವನ್ನು ಯಂತ್ರಕ್ಕೆ ಕಲಿಸುವುದೇ ಕಷ್ಟ. 'ಹತ್ತಿರದ ವೈರಿಯನ್ನು ಹೊಡೆ' ಎಂಬ ಒಂದೇ ನಿಯಮವನ್ನು ಕೊಟ್ಟರೆ ಅದು ತನ್ನ ಕುದುರೆಗಳನ್ನೆಲ್ಲ ಈಟಿಗಳಿಗೆ ಬಲಿಕೊಡುವುದು. ಆದುದರಿಂದ ಈ ಆಟದ ಮೊದಲ ಆವೃತ್ತಿಯ ಅತಿ ಕಠಿನ ಹಂತದಲ್ಲಿ ರಚನಕಾರರು ಸುಲಭದ ದಾರಿ ಹಿಡಿದರು: ಯಂತ್ರಕ್ಕೆ ಹೆಚ್ಚುವರಿ ಸಂಪತ್ತನ್ನು ಕೊಟ್ಟರು.

ಇದರಿಂದ ಕೆಡುವುದು ಸೋಲುಗೆಲವು ಮಾತ್ರವಲ್ಲ. ಎದುರಾಳಿಗೆ ಚಿನ್ನ ಪುಕ್ಕಟೆಯಾಗಿ ಬಂದರೆ 135ಕ್ಕೂ 60ಕ್ಕೂ ಇರುವ ಸಂಬಂಧವೇ ಮುರಿಯುವುದು. ಸರಿಯಾದ ಉಪಾಯವನ್ನೇ ಹೂಡಿದ ಆಟಗಾರನು ಸೋತು, 'ಈಟಿಯಿಂದ ಪ್ರಯೋಜನವಿಲ್ಲ' ಎಂದು ತಪ್ಪು ಪಾಠ ಕಲಿಯುವನು. 2019ರ ಹೊಸ ಆವೃತ್ತಿಯಲ್ಲಿ ಯಂತ್ರಕ್ಕೆ ಇಂತಹ ಗುಪ್ತದಾನವಿಲ್ಲ. ಕೆಲಸಗಾರರನ್ನು ಚೆನ್ನಾಗಿ ದುಡಿಸಿ, ಕಾಲವರಿತು ಸೇನೆ ಕಟ್ಟಿ ಅದು ಗೆಲ್ಲಬೇಕು.

ಓದುಗರು 10 ರಾವುತರ ಬೆಲೆಗೆ ಎಷ್ಟು ಈಟಿಗಾರರು ಬರುವರೆಂದು ಕಾಗದದ ಮೇಲೆ ಲೆಕ್ಕ ಹಾಕಲಿ. ಬಳಿಕ ಆ ರಾವುತರ ದಳಪತಿ ತಾವೇ ಆಗಿದ್ದರೆ ಎಲ್ಲಿ ಲಗಾಮು ಎಳೆಯುತ್ತಿದ್ದೆವೆಂದು ಯೋಚಿಸಲಿ. ಯಂತ್ರಕ್ಕೆ ಕಲಿಸಬೇಕಾಗಿರುವುದೂ ಅದನ್ನೇ.