ಉಕ್ಕಿನ ಊರಿಗೊಂದು ಪ್ರವಾಸ: ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಗೆ

ಗದಗ ಜಿಲ್ಲೆಯ ಹಿರೇಹಂದಿಗೋಳದ ಹೊಲಗಳಲ್ಲಿ ರಂಟೆಯಾಗಲಿ, ಕುಂಟೆಯಾಗಲಿ, ಕೂರಿಗೆಯಾಗಲಿ ಕಬ್ಬಿಣದ ಅಲಗಿಲ್ಲದೆ ನೆಲಕ್ಕಿಳಿಯುವುದಿಲ್ಲ. ಕಬ್ಬಿಣವನ್ನು ಇಷ್ಟು ನಂಬಿ ಬದುಕುವ ಗದಗ ಸೀಮೆಯ ಜನರೇ 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯಲ್ಲಿ ಪೋಸ್ಕೊ ಕಂಪನಿಯ ಉಕ್ಕಿನ ಕಾರ್ಖಾನೆ ಬೇಡವೆಂದು ಎದ್ದು ನಿಂತರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಹೋರಾಟದ ಮುಂಚೂಣಿಯಲ್ಲಿದ್ದರು. ಸರ್ಕಾರ ಭೂಸ್ವಾಧೀನವನ್ನು ಕೈಬಿಟ್ಟಿತು. 2019ರಲ್ಲಿ ಅದೇ ಸೀಮೆಯ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಕಬ್ಬಿಣ ಬೇಕು, ಗುಡ್ಡವೂ ಉಳಿಯಬೇಕು ಎನ್ನುವವರು ಒಮ್ಮೆ ನೋಡಲೇಬೇಕಾದ ಸೀಮೆಯೊಂದು ನಮ್ಮ ರಾಜ್ಯದಲ್ಲಿದೆ. ಅಲ್ಲಿ ಮೇಲೆ ಅದಿರಿನ ಬೆಟ್ಟ, ಕೆಳಗೆ ಕುಲುಮೆಯ ಊರು.

ಮೊದಲು ಬೆಟ್ಟಕ್ಕೇ ಹೋಗಬೇಕು. ಚಿಕ್ಕಮಗಳೂರು ಜಿಲ್ಲೆ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಯಲ್ಲಿ ಬಂದು ತಂಗುತ್ತಿದ್ದ ತಾಣವಿದು. ಮುಂದೆ ತೋಟಗಾರಿಕೆ ಇಲಾಖೆಗೆ ಸೇರಿದ ಇಲ್ಲಿ ಅತಿಥಿಗೃಹಗಳಿವೆ. ಸ್ಟಾರ್ ಹೋಟೆಲಿನ ಸೌಕರ್ಯ ನಿರೀಕ್ಷಿಸಬೇಡಿ. ಬೆಳಿಗ್ಗೆ ಬಾಗಿಲು ತೆರೆದರೆ ಅಂಗಳದವರೆಗೂ ಬಂದ ಮಂಜು, ಗುಲಾಬಿ ತೋಟ, ಝೆಡ್ ಪಾಯಿಂಟ್ ಎಂಬ ವೀಕ್ಷಣಾ ತಾಣದವರೆಗಿನ ಕಾಲುದಾರಿಯಲ್ಲಿ ಎರಡೂ ಬದಿಗೆ ಶೋಲಾ ಕಾಡು, ಹುಲ್ಲುಗಾವಲು.

ಈ ಹಸಿರಿನ ಅಡಿಯಲ್ಲಿರುವುದೇ ಕಬ್ಬಿಣದ ಅದಿರು. ಬೆಟ್ಟದಲ್ಲಿ ಅಗೆದ ಅದಿರು ರೋಪ್‌ವೇ ತೊಟ್ಟಿಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಕಿರುರೈಲಿನಲ್ಲಿ ಭದ್ರಾವತಿ ಸೇರುತ್ತಿತ್ತು. ಪ್ರವಾಸಿಗರು ಕೆಂಪು ಕಲ್ಲುಗಳನ್ನು ಫೋಟೊಗೆ ಹಿನ್ನೆಲೆ ಮಾಡಿಕೊಂಡು ಮುಂದೆ ಹೋಗುತ್ತಾರೆ. ಒಂದು ಕಲ್ಲನ್ನು ಕೈಗೆತ್ತಿಕೊಂಡು ತೂಗಿ ನೋಡಿ. ಅಷ್ಟೇ ಗಾತ್ರದ ಸಾಮಾನ್ಯ ಕಲ್ಲಿಗಿಂತ ಅದು ಭಾರ.

ಭದ್ರಾವತಿ ಕಾರ್ಖಾನೆಯ ಕೆಲಸ ಆರಂಭವಾದದ್ದು 1918ರಲ್ಲಿ, ಕುಲುಮೆ ಉರಿದದ್ದು 1923ರಲ್ಲಿ. ಯೋಜನೆಯ ಸಲಹೆಗಾರ ಅಮೆರಿಕದ ಚಾರ್ಲ್ಸ್ ಪೇಜ್ ಪೆರಿನ್, ಜೆಮ್‌ಶೆಡ್‌ಪುರದ ಟಾಟಾ ಕಾರ್ಖಾನೆಗೂ ನೆರವಾದ ತಜ್ಞ. ಮೈಸೂರು ಸಂಸ್ಥಾನದಲ್ಲಿ ಅದಿರಿತ್ತು, ಸುಣ್ಣಕಲ್ಲಿತ್ತು, ಭದ್ರಾ ನದಿಯ ನೀರಿತ್ತು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಬಂಗಾಳ-ಬಿಹಾರದ ಕಡೆಯಿಂದ ತರಿಸುವುದು ದುಬಾರಿ. ಹೀಗಾಗಿ ಮಲೆನಾಡಿನ ಮರವೇ ಇಂಧನವಾಯಿತು. ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆ ಮರದ ಭಟ್ಟಿಯೂ ಸೇರಿದ್ದಕ್ಕೆ ಕಾರಣ ಇದೇ. ಗಾಳಿಯಾಡದ ಕೋಠಿಗಳಲ್ಲಿ ಸೌದೆ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಹೊಮ್ಮಿದ ಹಬೆಯನ್ನು ತಣಿಸಿ ಮರದ ಡಾಂಬರು, ಮೆಥನಾಲ್‌ನಂಥ ರಾಸಾಯನಿಕಗಳನ್ನು ತೆಗೆಯುತ್ತಿದ್ದರು.

ಕುಲುಮೆಯ ಕೆಲಸ ನಮ್ಮ ಕಂಬಾರಸಾಲಿ ಕಂಡವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಮೇಲಿನಿಂದ ಅದಿರು, ಇದ್ದಿಲು, ಸುಣ್ಣಕಲ್ಲು ಸುರಿಯುತ್ತಾರೆ. ಕೆಳಗಿನಿಂದ ತಿದಿಯೂದಿದಂತೆ ಬಿಸಿಗಾಳಿ ನುಗ್ಗಿಸುತ್ತಾರೆ. ಇದ್ದಿಲಿನಿಂದ ಹುಟ್ಟಿದ ಅನಿಲ ಅದಿರಿನಲ್ಲಿರುವ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಸುಣ್ಣ ಕಲ್ಮಶವನ್ನು ಹಿಡಿದು ಕಿಟ್ಟವಾಗಿ ಮೇಲೆ ತೇಲುತ್ತದೆ. ಅಡಿಯಲ್ಲಿ ಬೀಡು ಕಬ್ಬಿಣ ಹರಿಯುತ್ತದೆ. ಇಂಗಾಲ ಹೆಚ್ಚಿರುವ ಈ ಬೀಡು ಪೆಟ್ಟು ತಾಳದೆ ಒಡೆಯುತ್ತದೆ. ಇಂಗಾಲ ಇಳಿಸಿದರೆ ಬಾಗಿಯೂ ಮುರಿಯದ ಉಕ್ಕು. ಭದ್ರಾವತಿ ಉಕ್ಕು ತಯಾರಿಕೆಗೆ ಕೈಹಾಕಿದ್ದು 1936ರಲ್ಲಿ.

ಆರಂಭದ ವರ್ಷಗಳು ಕಠಿಣವಾಗಿದ್ದವು. ಮೊದಲ ಮಹಾಯುದ್ಧದ ನಂತರ ಕಬ್ಬಿಣದ ಬೆಲೆ ಕುಸಿದಿತ್ತು. ದಿವಾನಗಿರಿ ಬಿಟ್ಟಿದ್ದ ಸರ್ ಎಂ. ವಿಶ್ವೇಶ್ವರಯ್ಯ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಹೊಣೆ ಹೊತ್ತು, ವೆಚ್ಚಕ್ಕೆ ಕಡಿವಾಣ ಹಾಕಿ, ಅದನ್ನು ದಡ ಮುಟ್ಟಿಸಿದರು. ಆ ಕೆಲಸಕ್ಕೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಗೆ ಕೊಟ್ಟರು. ಮುಂದೆ ಜೋಗದ ವಿದ್ಯುತ್ ಬಂದು ವಿದ್ಯುತ್ ಕುಲುಮೆಗಳು ಉರಿದವು. ಕಾರ್ಖಾನೆ ವಿಶ್ವೇಶ್ವರಯ್ಯನವರ ಹೆಸರು ಪಡೆಯಿತು, ಆಮೇಲೆ ಭಾರತೀಯ ಉಕ್ಕು ಪ್ರಾಧಿಕಾರ ಸೇರಿತು. ಶತಮಾನ ತುಂಬಿದ 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರು ಬೀದಿಗಿಳಿದರು, ಕೆಲ ತಿಂಗಳ ಬಳಿಕ ಒಂದಿಷ್ಟು ಕೆಲಸ ಮತ್ತೆ ಶುರುವಾಯಿತು.

ಗದಗಿನಿಂದ ಹೊರಡುವವರು ಹುಬ್ಬಳ್ಳಿಗೆ ಹೋಗಿ ಬೆಂಗಳೂರು ಕಡೆಯ ರೈಲು ಹಿಡಿದು ಬೀರೂರಿನಲ್ಲಿ ಇಳಿಯಬಹುದು. ಅಲ್ಲಿಂದ ಶಿವಮೊಗ್ಗದ ಹಳಿಯಲ್ಲಿ ಮೊದಲು ತರೀಕೆರೆ, ನಂತರ ಭದ್ರಾವತಿ. ಬೆಟ್ಟದ ಕೋಣೆಯನ್ನು ಮುಂಗಡ ಕಾಯ್ದಿರಿಸಿಕೊಳ್ಳಿ. ಕಾರ್ಖಾನೆಯ ಒಳಗೆ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಮಳೆಗಾಲ ಕಳೆದ ಮೇಲೆ ಹೋದರೆ ದಾರಿ ಸುಗಮ.

ಭದ್ರಾವತಿಗೆ ಒಳ್ಳೆಯ ಉಕ್ಕಿನ ವಸ್ತುಸಂಗ್ರಹಾಲಯ ಬೇಕು. ಇದ್ದಿಲಿನ ಕಾಲದ ಯಂತ್ರ, ನಕ್ಷೆ, ಭಾವಚಿತ್ರಗಳ ಜೊತೆಗೆ ಕುಲುಮೆಯ ಬಿಸಿಯಲ್ಲಿ ದುಡಿದ ಹಿರಿಯರ ಅನುಭವವೂ ದಾಖಲಾಗಬೇಕು. ಅದೇ ಗೋಡೆಯ ಮೇಲೆ, ಈ ಕುಲುಮೆಗಾಗಿ ಎಷ್ಟು ಕಾಡು ಕಡಿಯಲಾಯಿತು, ಎಷ್ಟು ಬೆಟ್ಟ ಅಗೆಯಲಾಯಿತು ಎಂಬ ಲೆಕ್ಕವೂ ಇರಬೇಕು. ಹಳ್ಳಿಗುಡಿಯ ರೈತರು ಕೇಳಿದ್ದು ಆ ಲೆಕ್ಕವನ್ನೇ. ಉಕ್ಕಿನ ಪರಂಪರೆಯನ್ನು ಗೌರವಿಸುವುದೆಂದರೆ ಅದನ್ನು ಮಾಡಿದ ಕೈಗಳನ್ನೂ ಅದಕ್ಕೆ ತೆತ್ತ ಬೆಟ್ಟವನ್ನೂ ಒಟ್ಟಿಗೆ ಮಕ್ಕಳಿಗೆ ತೋರಿಸುವುದು.